ಮಜ್ಜೆ: ದೇಹಧಾತುವಾಗಿಯೂ ಆಹಾರವಾಗಿಯೂ

ಎಲುಬಿನ ಒಳಟೊಳ್ಳಿನಲ್ಲಿ ತುಂಬಿಕೊಂಡಿರುವ ಮೃದುವಾದ ವಸ್ತುವಿಗೆ ನಮ್ಮ ಗ್ರಂಥಭಾಷೆಯಲ್ಲಿ ಮಜ್ಜೆಯೆಂದು ಹೆಸರು. ಇದು ಸಂಸ್ಕೃತದ ಮಜ್ಜನ್ ಶಬ್ದದ ತದ್ಭವರೂಪವು. ಈ ಶಬ್ದದ ಬಂಧುಬಳಗವು ಬಹು ವಿಸ್ತಾರವಾದುದು. ಇಂಗ್ಲಿಷಿನ ಮ್ಯಾರೋ, ಪಾರಸಿಯ ಮಗ್ಜ್, ರಷ್ಯದೇಶದ ಮೋಜ್ಗ್ ಎಂಬಿವೆಲ್ಲವೂ ಅದೇ ಒಂದು ಪ್ರಾಚೀನ ಮೂಲದಿಂದ ಹೊರಟವೆಂದು ಭಾಷಾಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. ವಿಚಾರಮಾಡತಕ್ಕ ವಿಷಯವೇನೆಂದರೆ, ಇವುಗಳಲ್ಲಿ ಕೆಲವು ಮಿದುಳನ್ನೂ ಹೇಳುವುವು. ಪಾರಸಿಯ ಶಬ್ದಕ್ಕೆ ಮಿದುಳು, ಮಜ್ಜೆ ಎಂಬ ಎರಡರ್ಥಗಳೂ ಉಂಟು. ರಷ್ಯನರು ಮಿದುಳಿಗೆ ಆ ಶಬ್ದವನ್ನಿಟ್ಟು, ಮಜ್ಜೆಯನ್ನು 'ಎಲುಬಿನ ಮಿದುಳು' ಎಂದು ವಿಶೇಷಣ ಸೇರಿಸಿ ಕರೆಯುತ್ತಾರೆ. ದ್ರಾವಿಡ ಭಾಷೆಗಳಲ್ಲಿಯೂ ಇದೇ ರೀತಿ: ತಮಿಳಿನ ಮೂಳೈ ಎಂಬುದು ಮಿದುಳು, ಮಜ್ಜೆ ಎರಡಕ್ಕೂ ಸಲ್ಲುತ್ತದೆ, ತೆಲುಗಿನ ಮೂಲುಗ ಎಂಬುದು ಮಜ್ಜೆಗೆ ಹೆಸರು. ಕನ್ನಡದಲ್ಲಿ ಮೂಳೆಯೆಂದರೆ ಒಳಗಿನ ಸಾರವಲ್ಲ, ಹೊರಗಿನ ಗಟ್ಟಿ ಎಲುಬೇ. ಈ ಧ್ವನಿಸಾಮ್ಯವು ಕೇವಲ ಆಕಸ್ಮಿಕವೆಂದು ತೋರುವುದಿಲ್ಲ. ಗಟ್ಟಿಯಾದ ಚಿಪ್ಪಿನೊಳಗೆ ಅಡಗಿರುವ ಮೆತ್ತನೆಯ ಕೊಬ್ಬಿನಂತಹ ಪದಾರ್ಥವು ತಲೆಯಲ್ಲಿದ್ದರೇನು, ತೊಡೆಯಲ್ಲಿದ್ದರೇನು, ಹಿಂದಿನವರ ಕಣ್ಣಿಗೆ ಒಂದೇ ಜಾತಿಯದಾಗಿ ಕಂಡಿರಬೇಕು.

ಮಾಂಸದ ಅಂಗಡಿಯಲ್ಲಿ ಮಾತ್ರ ಮಜ್ಜೆಯೆಂಬ ಶಬ್ದವು ನಡೆಯದು. ಅಲ್ಲಿ ಕೇಳತಕ್ಕುದು 'ನಲ್ಲಿ ಮೂಳೆ'. ಕೊಳವೆಯಂತಿರುವ ಎಲುಬುಗಳಿಗೆ ಸುಶ್ರುತ ಸಂಹಿತೆಯು ನಲಕವೆಂಬ ಹೆಸರನ್ನೇ ಕೊಟ್ಟು, ಕಪಾಲ, ರುಚಕ, ತರುಣ, ವಲಯಗಳೊಡನೆ ಅದನ್ನು ಐದು ವಿಧದ ಅಸ್ಥಿಗಳಲ್ಲಿ ಒಂದಾಗಿ ಎಣಿಸಿದೆ. ಆಯುರ್ವೇದದ ಶಬ್ದವೂ ಕಟುಕನಂಗಡಿಯ ಶಬ್ದವೂ ಹೀಗೆ ಎದುರುಬದುರಾಗಿ ನಿಂತಿರುವುದನ್ನು ನೋಡಿದರೆ ಸಂತೋಷವಾಗುತ್ತದೆ.

ಪ್ರಕೃತ ಲೇಖನಕ್ಕೆ ಕಾರಣವಾದ ಸಂಗತಿಗಳು ಎರಡು. ನಮ್ಮ ಪ್ರಾಚೀನ ವೈದ್ಯರು ಮಜ್ಜೆಯಲ್ಲಿ ರಕ್ತವುಂಟಾಗುವುದನ್ನು ಬಲ್ಲವರಾಗಿದ್ದರೆಂದು ಆಗಾಗ ಹೇಳಲ್ಪಡುತ್ತದೆ. ಈ ಮಾತನ್ನು ಮೂಲಗ್ರಂಥಗಳೊಡನೆ ಹೋಲಿಸಿ ನೋಡಬೇಕಾಗಿದೆ. ಎರಡನೆಯದು, ರಕ್ತಹೀನತೆಯಿಂದ ಬಳಲುವವರಿಗೆ, ವಿಶೇಷವಾಗಿ ಬಾಣಂತಿಯರಿಗೆ, ನಲ್ಲಿಮೂಳೆಯ ರಸವನ್ನು ಕುಡಿಸಿದರೆ ರಕ್ತವು ಹೆಚ್ಚುವುದೆಂಬ ನಂಬಿಕೆ. ಇದು ಸಣ್ಣ ವಿಷಯವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15 ರಿಂದ 49 ವರ್ಷದ ಸ್ತ್ರೀಯರಲ್ಲಿ ಶೇಕಡ 57 ಮಂದಿಯೂ, ಕರ್ನಾಟಕದಲ್ಲಿ ಸುಮಾರು 48 ಮಂದಿಯೂ ರಕ್ತಹೀನತೆಯುಳ್ಳವರು. ಇಷ್ಟು ಜನರ ಆರೋಗ್ಯವು ಒಂದು ನಂಬಿಕೆಯನ್ನು ಆಶ್ರಯಿಸಿರುವಲ್ಲಿ ಆ ನಂಬಿಕೆಯನ್ನು ಪರೀಕ್ಷಿಸುವುದು ಅವಶ್ಯಕವೇ ಸರಿ.

ಮೊದಲು ಮಜ್ಜೆಯ ಸ್ವರೂಪವನ್ನು ತಿಳಿಯೋಣ. ಪ್ರಾಯಕ್ಕೆ ಬಂದ ಮನುಷ್ಯನ ದೇಹದ ತೂಕದಲ್ಲಿ ನೂರಕ್ಕೆ ನಾಲ್ಕೈದು ಪಾಲು ಮಜ್ಜೆಯಿರುವುದು. 70 ಕಿಲೋಗ್ರಾಂ ತೂಕದ ಪುರುಷನಲ್ಲಿ ಸುಮಾರು ಮೂರು ಕಿಲೋಗ್ರಾಂ. ಇಡಿಯಾಗಿ ಒಂದೆಡೆ ಕೂಡಿಸಿ ನೋಡಿದರೆ ಇದು ಯಕೃತ್ತಿಗಿಂತ ದೊಡ್ಡ ಅಂಗವು. ಇಷ್ಟು ದೊಡ್ಡ ಅಂಗವು ಬಹುಕಾಲದವರೆಗೆ ವೈದ್ಯರ ಗಮನಕ್ಕೆ ಬಾರದಿದ್ದುದಕ್ಕೆ ಅದು ನೂರಾರು ಎಲುಬುಗಳಲ್ಲಿ ಹಂಚಿಹೋಗಿರುವುದೇ ಕಾರಣವು. ಬಣ್ಣದಲ್ಲಿ ಇದು ಎರಡು ತೆರನಾಗಿದೆ. ಕೆಂಪು ಮಜ್ಜೆಯು ರಕ್ತಕಣಗಳನ್ನು ಹುಟ್ಟಿಸುವುದು. ಹಳದಿ ಮಜ್ಜೆಯಲ್ಲಿ ಬಹುಭಾಗ ಕೊಬ್ಬಿನ ಕೋಶಗಳೇ ಇರುವುವು. ಹುಟ್ಟಿದ ಶಿಶುವಿನ ಎಲುಬುಗಳಲ್ಲೆಲ್ಲ ಕೆಂಪು ಮಜ್ಜೆಯೇ ಇರುವುದು. ಬಳಿಕ ಕೈಕಾಲು ಬೆರಳುಗಳ ತುದಿಯಿಂದ ಮೊದಲಾಗಿ, ಮೊಳಕೈ ಮೊಳಕಾಲುಗಳನ್ನು ದಾಟಿ, ಹಳದಿಯು ಮೆಲ್ಲಮೆಲ್ಲನೆ ಒಳಮುಖವಾಗಿ ನಡೆಯುತ್ತ ಬರುವುದು. ಸುಮಾರು 25ನೆಯ ವಯಸ್ಸಿನ ಹೊತ್ತಿಗೆ ಕೆಂಪು ಮಜ್ಜೆಯು ಬೆನ್ನೆಲುಬು, ಎದೆಯೆಲುಬು, ಪಕ್ಕೆಲುಬುಗಳು, ತಲೆಬುರುಡೆ, ಸೊಂಟದೆಲುಬು, ತೊಡೆ ಮತ್ತು ತೋಳುಗಳ ಎಲುಬಿನ ಮೇಲ್ತುದಿ, ಇಷ್ಟರಲ್ಲಿ ಮಾತ್ರ ಉಳಿದಿರುವುದು. ಆದರೆ ಈ ನಡಿಗೆಯು ಹಿಂದಿರುಗದ ನಡಿಗೆಯಲ್ಲ. ರಕ್ತವು ಬಹಳವಾಗಿ ನಷ್ಟವಾದರೆ ಹಳದಿಯಾಗಿದ್ದ ಭಾಗವು ಮರಳಿ ಕೆಂಪಾಗಬಲ್ಲುದು. ತಲಸೀಮಿಯ ಎಂಬ ಆನುವಂಶಿಕ ರೋಗದಲ್ಲಿ ಕೆಂಪು ರಕ್ತಕಣಗಳು ಹುಟ್ಟುಹುಟ್ಟುತ್ತಲೇ ಕೆಡುವುದರಿಂದ ಮಜ್ಜೆಯು ಎಡೆಬಿಡದೆ ದುಡಿದು ದುಡಿದು ಹಿಗ್ಗಿ, ಚಿಕಿತ್ಸೆಯಿಲ್ಲದ ಮಕ್ಕಳ ಕೆನ್ನೆಯ ಮತ್ತು ಹಣೆಯ ಎಲುಬುಗಳನ್ನು ಒಳಗಿನಿಂದ ಉಬ್ಬಿಸಿ ಮುಖದ ಆಕಾರವನ್ನೇ ಮಾರ್ಪಡಿಸುತ್ತದೆ.

ಕೆಂಪು ಮಜ್ಜೆಯ ಕೆಲಸದ ಪ್ರಮಾಣವನ್ನು ಊಹಿಸುವುದು ಕಷ್ಟ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನಗಳು. ದೇಹದಲ್ಲಿ ಇಂತಹ ಕಣಗಳು ಸರಿಸುಮಾರು 25 ಲಕ್ಷ ಕೋಟಿ ಇರುವುವು. ಆದುದರಿಂದ ನಿತ್ಯವೂ ಸಾಯುವ ಕಣಗಳ ಸ್ಥಾನವನ್ನು ತುಂಬಲು ದಿನವೊಂದಕ್ಕೆ 20 ಸಾವಿರ ಕೋಟಿ, ಎಂದರೆ ಸೆಕೆಂಡಿಗೆ 20 ಲಕ್ಷಕ್ಕೂ ಮಿಕ್ಕಿ, ಹೊಸ ಕಣಗಳು ಹುಟ್ಟಬೇಕು. ಈ ಲೆಕ್ಕದಲ್ಲಿ ಬಿಳಿಯ ಕಣಗಳೂ, ರಕ್ತವನ್ನು ಹೆಪ್ಪುಗಟ್ಟಿಸುವ ಪ್ಲೇಟ್ಲೆಟ್ಟುಗಳೂ ಸೇರಿಲ್ಲ. ಇವೆಲ್ಲಕ್ಕೂ ಮೂಲವಾದವು ಆಕರಕೋಶಗಳೆಂಬ ಸ್ವಲ್ಪಸಂಖ್ಯೆಯ ಕೋಶಗಳು. ಅವು ತಮ್ಮಂತಹವನ್ನೇ ಹುಟ್ಟಿಸಿ ತಮ್ಮ ಕುಲವನ್ನು ಉಳಿಸಿಕೊಳ್ಳುತ್ತ, ಉಳಿದ ಸಂತತಿಯನ್ನು ಬಗೆಬಗೆಯ ಕಣಗಳಾಗುವ ದಾರಿಗೆ ಕಳುಹಿಸುತ್ತವೆ. ಟೊರಾಂಟೋ ನಗರದ ಟಿಲ್ ಮತ್ತು ಮೆಕುಲ್ಲಕ್ ಎಂಬವರು 1961ರಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಇಂತಹ ಕೋಶಗಳಿರುವುದು ಪ್ರಮಾಣಕ್ಕೆ ಬಂದಿತು.

ಕೆಂಪು ಕಣವು ಹುಟ್ಟುವ ಕ್ರಮವು ಬಹು ರಮಣೀಯವಾದುದು. ಮಜ್ಜೆಯಲ್ಲಿ ಅಲ್ಲಲ್ಲಿ ಒಂದೊಂದು ದೊಡ್ಡ ಭಕ್ಷಕಕೋಶವು ನಡುವೆ ಕುಳಿತಿರಲು, ಬೆಳೆಯುತ್ತಿರುವ ಎಳೆಯ ಕಣಗಳು ಅದರ ಸುತ್ತಲೂ ಅಂಟಿಕೊಂಡಿರುವುವು. ಇಂತಹ ಗುಂಪನ್ನು ಫ್ರಾನ್ಸಿನ ಮಾರ್ಸೆಲ್ ಬೆಸಿಸ್ 1958ರಲ್ಲಿ ವರ್ಣಿಸಿ ದ್ವೀಪವೆಂದು ಕರೆದನು. ಎಳೆಯ ಕಣವು ಹಿಮೋಗ್ಲೋಬಿನ್ನನ್ನು ತುಂಬಿಕೊಳ್ಳುತ್ತ ಬಂದು, ಕಟ್ಟಕಡೆಯಲ್ಲಿ ತನ್ನ ಕೇಂದ್ರಬೀಜವನ್ನೇ ಹೊರಕ್ಕೆ ತಳ್ಳಿಬಿಡುವುದು. ಆ ಬೀಜವನ್ನು ನಡುವಿನ ಭಕ್ಷಕಕೋಶವು ನುಂಗುವುದು. ಬೀಜವಿಲ್ಲದ ಕಣವು ಮಜ್ಜೆಯ ಸೂಕ್ಷ್ಮ ರಕ್ತನಾಳಗಳ ಗೋಡೆಯಲ್ಲಿ ನುಸುಳಿ ರಕ್ತಪ್ರವಾಹವನ್ನು ಸೇರುವುದು. ಪ್ಲೇಟ್ಲೆಟ್ಟುಗಳ ರೀತಿಯು ಬೇರೆ. ಅವುಗಳ ತಾಯಿಯಾದ ಮಹಾಕೋಶವು ತಾನು ಮಜ್ಜೆಯಲ್ಲಿಯೇ ನಿಂತು, ರಕ್ತನಾಳದೊಳಕ್ಕೆ ಉದ್ದವಾದ ಬಾಹುಗಳನ್ನು ಚಾಚುತ್ತದೆ. ಆ ಬಾಹುಗಳು ಹರಿಯುವ ರಕ್ತದಲ್ಲಿ ತುಂಡುತುಂಡಾಗಿ ಮುರಿದು ಪ್ಲೇಟ್ಲೆಟ್ಟುಗಳಾಗುವುವು. ಇವು ಈ ಮಹಾಕೋಶದ ತುಂಡುಗಳೆಂಬುದನ್ನು 1906ರಲ್ಲಿ ಬಾಸ್ಟನ್ನಿನ ರೈಟ್ ಎಂಬವನು ತೋರಿಸಿದನು.

ಇಷ್ಟು ಹಿಮೋಗ್ಲೋಬಿನ್ನಿಗೆ ದಿನವೊಂದಕ್ಕೆ 20 ರಿಂದ 25 ಮಿಲಿಗ್ರಾಂ ಕಬ್ಬಿಣವು ಬೇಕು. ಇದರಲ್ಲಿ ಬಹುಭಾಗವು ಸತ್ತ ಹಳೆಯ ಕಣಗಳಿಂದಲೇ ಮರಳಿ ದೊರೆಯುವುದು. ಆಹಾರದಿಂದ ಒಳಸೇರುವುದು ದಿನಕ್ಕೆ ಒಂದೆರಡು ಮಿಲಿಗ್ರಾಂ ಮಾತ್ರ. ಈ ಅಲ್ಪ ಆದಾಯವೂ ತಪ್ಪಿದರೆ, ಅಥವಾ ಮುಟ್ಟು, ಹೆರಿಗೆ, ಕೊಕ್ಕೆಹುಳ ಮುಂತಾದ ಕಾರಣಗಳಿಂದ ರಕ್ತವು ವ್ಯಯವಾಗುತ್ತಿದ್ದರೆ, ಭಂಡಾರವು ಬರಿದಾಗಿ ರಕ್ತಹೀನತೆಯುಂಟಾಗುವುದು. ಈ ಅಂಕಿಗಳನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುವುವು.

ಮಜ್ಜೆಯ ಈ ಕಾರ್ಯವು ತಿಳಿದು ಇನ್ನೂ 160 ವರ್ಷಗಳು ಕೂಡ ಆಗಿಲ್ಲ. ಯವನರಲ್ಲಿ ಪ್ಲೇಟೋ ಟಿಮಾಯಸ್ ಎಂಬ ಗ್ರಂಥದಲ್ಲಿ ಮಜ್ಜೆಯನ್ನು ಶರೀರಕ್ಕೆ ಮೂಲವನ್ನಾಗಿಯೂ, ಪ್ರಾಣವು ಬಂಧಿತವಾಗಿರುವ ಸ್ಥಾನವನ್ನಾಗಿಯೂ, ವೀರ್ಯಕ್ಕೆ ಕಾರಣವನ್ನಾಗಿಯೂ ಎಣಿಸಿದ್ದನು. ಅರಿಸ್ಟಾಟಲನು ಅದನ್ನು ಎಲುಬಿನಲ್ಲಿ ಪಾಕಗೊಂಡ ರಕ್ತವೆಂದನು. ಎಂದರೆ, ರಕ್ತದಿಂದ ಮಜ್ಜೆಯು ಹುಟ್ಟುವುದೆಂದು ಅವನ ಮತವೇ ಹೊರತು ಮಜ್ಜೆಯಿಂದ ರಕ್ತವೆಂದಲ್ಲ. ಮಜ್ಜೆಯು ಎಲುಬಿನ ಆಹಾರವೆಂಬ ಅಭಿಪ್ರಾಯವು ಯೂರೋಪಿನಲ್ಲಿ ಬಹುಕಾಲ ನಿಂತಿತು. 1868ರಲ್ಲಿ ಕೋನಿಗ್ಸ್‌ಬರ್ಗಿನ ಅರ್ನ್ಸ್ಟ್ ನಾಯ್ಮನ್, ಇಟಲಿಯ ಪಾವಿಯಾ ನಗರದ ಜೂಲಿಯೋ ಬಿಟ್ಸೊಜೆರೋ ಎಂಬ ಇಬ್ಬರು ಪಂಡಿತರು ಒಬ್ಬರನ್ನೊಬ್ಬರು ಅರಿಯದೆ, ಸೂಕ್ಷ್ಮದರ್ಶಕದ ಕೆಳಗೆ ಮಜ್ಜೆಯಲ್ಲಿ ಬೀಜಸಹಿತವಾದ ಎಳೆಯ ಕೆಂಪು ಕಣಗಳನ್ನು ಕಂಡು, ರಕ್ತವು ಇಲ್ಲಿ ಹುಟ್ಟುತ್ತದೆಂದು ಪ್ರಕಟಿಸಿದರು. ಸಮಕಾಲೀನರಲ್ಲಿ ಅನೇಕರು ಇದನ್ನು ಬೇಗನೆ ಒಪ್ಪಲಿಲ್ಲ. ಜೀವಂತ ಮನುಷ್ಯನ ಮಜ್ಜೆಯನ್ನು ಸುಲಭವಾಗಿ ನೋಡುವ ಉಪಾಯವಂತೂ 1927ರವರೆಗೆ ಕಾಯಬೇಕಾಯಿತು. ಆ ವರ್ಷ ಲೆನಿನ್‌ಗ್ರಾಡಿನ ಅರಿನ್ಕಿನ್ ಎಂಬ ವೈದ್ಯನು ಎದೆಯೆಲುಬನ್ನು ಸೂಜಿಯಿಂದ ಚುಚ್ಚಿ ಮಜ್ಜೆಯನ್ನು ಹೀರಿ ತೆಗೆದನು. ಈಗ ಸಾಮಾನ್ಯವಾಗಿ ಸೊಂಟದೆಲುಬಿನ ಹಿಂಭಾಗದಿಂದ ತೆಗೆಯುವ ಪದ್ಧತಿಯಿದೆ.

ಇನ್ನು ನಮ್ಮ ಗ್ರಂಥಗಳ ಮಾತು. ರಸ, ರಕ್ತ, ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆ, ಶುಕ್ರಗಳೆಂಬ ಸಪ್ತಧಾತುಗಳಲ್ಲಿ ಮಜ್ಜೆಯು ಆರನೆಯದು. ಹಿಂದಿನ ಧಾತುವಿನ ಪಾಕದಿಂದ ಮುಂದಿನದು ಉಂಟಾಗುವುದೆಂಬುದು ಸಿದ್ಧಾಂತವು. ಈ ಕ್ರಮದಲ್ಲಿ ರಕ್ತವು ಎರಡನೆಯದು. ಮಜ್ಜೆಗೂ ಅದಕ್ಕೂ ನಡುವೆ ಮೂರು ಧಾತುಗಳ ಅಂತರವಿದೆ. ರಕ್ತವಹ ಸ್ರೋತಸ್ಸುಗಳಿಗೆ ಮೂಲವು ಯಕೃತ್ತು ಮತ್ತು ಪ್ಲೀಹವೆಂದು ಸ್ಪಷ್ಟವಾಗಿ ಹೇಳಿದೆ. ಆದುದರಿಂದ ಮಜ್ಜೆಯಲ್ಲಿ ರಕ್ತವುಂಟಾಗುವುದನ್ನು ನಮ್ಮವರು ಬಲ್ಲವರಾಗಿದ್ದರೆಂಬ ಮಾತಿಗೆ ಆಧಾರವಿಲ್ಲ. ಗ್ರಂಥವು ಅದಕ್ಕೆ ವಿರುದ್ಧವಾಗಿಯೇ ಇದೆ. ಯಕೃತ್ತು ಪ್ಲೀಹಗಳ ವಿಷಯದಲ್ಲಿ ಮಾತ್ರ ಒಂದು ಸಂಗತಿಯನ್ನು ಹೇಳಬೇಕು. ಗರ್ಭಸ್ಥ ಶಿಶುವಿನಲ್ಲಿ ಎರಡನೆಯ ತಿಂಗಳಿನಿಂದ ಮೊದಲ್ಗೊಂಡು ಏಳನೆಯ ತಿಂಗಳಿನವರೆಗೆ ರಕ್ತಕಣಗಳು ಹುಟ್ಟುವ ಮುಖ್ಯಸ್ಥಾನವು ಯಕೃತ್ತೇ. ಪ್ಲೀಹವೂ ಸ್ವಲ್ಪಮಟ್ಟಿಗೆ ನೆರವಾಗುವುದು. ಅನಂತರವೇ ಮಜ್ಜೆಯು ಈ ಭಾರವನ್ನು ವಹಿಸುವುದು. ಇದನ್ನು ತೋರಿಸಿ ಪ್ರಾಚೀನರನ್ನು ಸಮರ್ಥಿಸಬಹುದು. ಆದರೆ ಅವರು ಹೇಳಿದುದು ಗರ್ಭದ ವಿಷಯವಲ್ಲವೆಂಬುದನ್ನು ಮರೆಯಲಾಗದು.

ಆದರೂ ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ಒಂದು ಮಾತುಂಟು. ಅದನ್ನು ಓದಿ ಆಶ್ಚರ್ಯಪಡದವರಿಲ್ಲ. ಸ್ಥೂಲವಾದ ಎಲುಬುಗಳ ಒಳಗಿರುವುದು ಮಜ್ಜೆಯೆಂದೂ, ಉಳಿದ ಎಲುಬುಗಳಲ್ಲಿರುವುದು ರಕ್ತಸಹಿತವಾದ ಮೇದಸ್ಸೆಂದೂ ಅಲ್ಲಿ ವಿಭಾಗಿಸಿದೆ. ದೊಡ್ಡ ನಳಿಕೆಯೆಲುಬುಗಳ ಟೊಳ್ಳಿನಲ್ಲಿ ಹಳದಿಯಾದ ಸ್ನಿಗ್ಧಪದಾರ್ಥ, ಇತರ ಎಲುಬುಗಳಲ್ಲಿ ಕೆಂಪುಬೆರೆತ ಕೊಬ್ಬು: ಇದು ಇಂದಿನ ಹಳದಿ, ಕೆಂಪು ಎಂಬ ವಿಭಾಗಕ್ಕೆ ಬಹು ಸಮೀಪವಾಗಿ ಬರುತ್ತದೆ. ನನ್ನ ಅಭಿಪ್ರಾಯದಲ್ಲಿ ಇದು ಕಣ್ಣಾರೆ ಕಂಡುದರ ಫಲವು, ಊಹೆಯದಲ್ಲ. ಶವವನ್ನು ನೀರಿನಲ್ಲಿ ಏಳು ರಾತ್ರಿ ಮುಳುಗಿಸಿಟ್ಟು ಪದರಪದರವಾಗಿ ಉಜ್ಜಿ ನೋಡುವ ವಿಧಾನವನ್ನು ಅದೇ ಗ್ರಂಥವು ಹೇಳಿದೆಯಾದರೂ, ಎಲುಬನ್ನು ಒಡೆದು ನೋಡುವ ಅವಕಾಶವು ಅಡಿಗೆಯ ಮಾಂಸದಲ್ಲಿ ಇನ್ನೂ ಹೆಚ್ಚಾಗಿದ್ದಿರಬೇಕು. ಕಂಡುದನ್ನು ಸರಿಯಾಗಿ ಕಂಡರು. ಅದರ ಕಾರ್ಯವನ್ನು ಬೇರೊಂದು ರೀತಿಯಲ್ಲಿ ಊಹಿಸಿದರು. ಬೀಜಸಹಿತ ಕಣವನ್ನು ಕಾಣಲು ಸೂಕ್ಷ್ಮದರ್ಶಕವು ಬೇಕು. ಅದಿಲ್ಲದವರ ಮೇಲೆ ಅದರ ಜ್ಞಾನವನ್ನು ಆರೋಪಿಸುವುದು ಅವರಿಗೆ ಗೌರವವಾಗದು. ಅಸ್ಥಿಯಿಂದ ಮಜ್ಜೆಯೆಂಬ ಕ್ರಮವೂ ಇಂದಿನ ತಿಳಿವಿನಲ್ಲಿ ತಲೆಕೆಳಗಾಗಿದೆ. ಎಲುಬನ್ನು ಕಟ್ಟುವ ಕೋಶಗಳು ಮಜ್ಜೆಯ ಆಧಾರಕೋಶಗಳಿಂದಲೂ, ಎಲುಬನ್ನು ಕರಗಿಸುವ ಕೋಶಗಳು ರಕ್ತದ ಆಕರಕೋಶಗಳಿಂದಲೂ ಹುಟ್ಟುವುದರಿಂದ, ಮಜ್ಜೆಯಿಂದ ಅಸ್ಥಿಯೆನ್ನುವುದೇ ಸತ್ಯಕ್ಕೆ ಹತ್ತಿರವಾಗಿದೆ.

ಆಹಾರವಾಗಿ ಮಜ್ಜೆಯ ವಿಷಯದಲ್ಲಿ ಚರಕನ ಮತವು ಹೆಚ್ಚು ವಿವೇಚನೆಯುಳ್ಳದ್ದು. ತುಪ್ಪ, ಎಣ್ಣೆ, ವಸೆ, ಮಜ್ಜೆ ಎಂದು ಸ್ನೇಹಗಳು ನಾಲ್ಕು. ಶರತ್ಕಾಲದಲ್ಲಿ ತುಪ್ಪ, ಮಳೆಗಾಲದ ಮೊದಲಲ್ಲಿ ಎಣ್ಣೆ, ವಸಂತದಲ್ಲಿ ವಸೆ ಮತ್ತು ಮಜ್ಜೆ ಎಂದು ಋತುವಿಭಾಗವನ್ನೂ ಮಾಡಿದೆ. ಮಜ್ಜೆಯು ಬಲ, ಶುಕ್ರ, ರಸ, ಶ್ಲೇಷ್ಮ, ಮೇದಸ್ಸು, ಮಜ್ಜೆಗಳನ್ನು ಹೆಚ್ಚಿಸಿ ವಿಶೇಷವಾಗಿ ಎಲುಬುಗಳಿಗೆ ಬಲಕೊಡುವುದೆಂದು ಹೇಳಿದೆ. ಈ ಪಟ್ಟಿಯಲ್ಲಿ ರಕ್ತವಿಲ್ಲದಿರುವುದನ್ನು ವಾಚಕರು ಗಮನಿಸಬೇಕು. ಚರಕನು ಮಜ್ಜೆಯನ್ನು ಇರಿಸಿದ್ದು ತುಪ್ಪ ಎಣ್ಣೆಗಳ ಸಾಲಿನಲ್ಲಿ. ಆಹಾರವಾಗಿ ಅದು ಸೇರತಕ್ಕುದೂ ಅಲ್ಲಿಗೇ.

ಮನುಷ್ಯನು ಮಜ್ಜೆಯನ್ನು ತಿನ್ನತೊಡಗಿದುದು ಅಡಿಗೆಯನ್ನು ಕಲಿಯುವುದಕ್ಕಿಂತ ಬಹು ಹಿಂದೆ. ಇಥಿಯೋಪಿಯದ ಬೌರಿ ಎಂಬಲ್ಲಿ ದೊರೆತ, 25 ಲಕ್ಷ ವರ್ಷಗಳಷ್ಟು ಹಳೆಯ ಪ್ರಾಣಿಯೆಲುಬುಗಳ ಮೇಲೆ ಕಲ್ಲಿನಿಂದ ಕೊಯ್ದ ಗೀರುಗಳೂ, ಮಜ್ಜೆಗಾಗಿ ಕಲ್ಲಿನಿಂದ ಜಜ್ಜಿದ ಗುರುತುಗಳೂ ಇರುವುದು 1999ರಲ್ಲಿ ಪ್ರಕಟವಾಯಿತು. ಇಂತಹ ಗುರುತನ್ನು ಕಂಡುಹಿಡಿಯುವ ರೀತಿಯು ಕುತೂಹಲಕರವಾಗಿದೆ. ಹಸಿಯ ಎಲುಬನ್ನು ಕಲ್ಲಿನಿಂದ ಹೊಡೆದರೆ ಅದು ಸುರುಳಿಯಾಗಿ ಓರೆಯಾಗಿ ಸೀಳುವುದು, ಪೆಟ್ಟುಬಿದ್ದ ಅಂಚಿನಲ್ಲಿ ಚಿಪ್ಪಿನಾಕಾರದ ಕಚ್ಚು ಬೀಳುವುದು. ಒಣಗಿದ ಎಲುಬಾದರೋ ಅಡ್ಡಲಾಗಿ, ನೇರವಾಗಿ ಮುರಿಯುವುದು. ಕತ್ತೆಕಿರುಬ ಮುಂತಾದ ಮೃಗಗಳು ಎಲುಬಿನ ಮೆತ್ತನೆಯ ತುದಿಗಳನ್ನು ಮೊದಲು ಕಡಿಯುವುದರಿಂದ ಅವುಗಳ ಹಲ್ಲಿನ ಗುರುತು ಬೇರೆಯಾಗಿಯೇ ಇರುವುದು. ಎಲುಬನ್ನು ಒಡೆಯಲಾರದ ದುರ್ಬಲ ದವಡೆಯ ಪ್ರಾಣಿಯಾದ ಮನುಷ್ಯನು ಕಲ್ಲನ್ನು ಹಿಡಿದು, ಸಿಂಹವು ತಿಂದು ಬಿಟ್ಟುಹೋದ ಬೇಟೆಯಲ್ಲಿಯೂ ತನ್ನ ಪಾಲನ್ನು ಪಡೆಯಬಲ್ಲವನಾದನು.

ಇಸ್ರೇಲಿನ ಕೆಸೆಮ್ ಗುಹೆಯ ಸಂಗತಿಯು ಇನ್ನೂ ವಿಚಿತ್ರವಾದುದು. ಅಲ್ಲಿ 4,20,000 ರಿಂದ 2,00,000 ವರ್ಷಗಳ ಹಿಂದೆ ವಾಸಿಸಿದವರು ಜಿಂಕೆಯ ಕಾಲಿನ ಕೆಳಭಾಗದ ಎಲುಬುಗಳನ್ನು ಚರ್ಮಸಹಿತವಾಗಿ ತಂದಿಟ್ಟುಕೊಂಡು, ವಾರಗಳು ಕಳೆದ ಮೇಲೆ ಚರ್ಮವನ್ನು ಸುಲಿದು ಮಜ್ಜೆಯನ್ನು ತಿನ್ನುತ್ತಿದ್ದರು. ಒಣಗಿದ ಚರ್ಮವನ್ನು ಸುಲಿಯುವಾಗ ಬಿದ್ದ ಗೀರುಗಳ ರೀತಿಯಿಂದ ಇದು ಗೊತ್ತಾಯಿತು. ಹೀಗೆ ಇಟ್ಟರೆ ಮಜ್ಜೆಯು ಒಂಬತ್ತು ವಾರಗಳವರೆಗೂ ತಿನ್ನಲು ಬರುವುದೆಂದು 2019ರಲ್ಲಿ ಪ್ರಕಟವಾದ ಆ ಸಂಶೋಧನೆಯಲ್ಲಿ ಪರೀಕ್ಷಿಸಿಯೂ ತೋರಿಸಿದ್ದಾರೆ. ಎಲುಬೇ ಡಬ್ಬಿ, ಚರ್ಮವೇ ಮುಚ್ಚಳ.

ಬೇಟೆಯ ಜನರು ಮಜ್ಜೆಯನ್ನು ಇಷ್ಟು ಆದರಿಸಿದುದು ರುಚಿಗಾಗಿ ಮಾತ್ರವಲ್ಲ. ಮನುಷ್ಯನು ಕೊಬ್ಬಿಲ್ಲದ ಮಾಂಸವೊಂದನ್ನೇ ತಿಂದು ಬಹುದಿನ ಬದುಕಲಾರನು. ಹೊಟ್ಟೆ ತುಂಬಿದ್ದರೂ ಸೊರಗುವನು. ಚಳಿಗಾಲದ ಕೊನೆಯಲ್ಲಿ ಕಾಡುಪ್ರಾಣಿಗಳು ಬಡವಾಗಿರುವಾಗ ಚರ್ಮದಡಿಯ ಕೊಬ್ಬೂ ಮೂತ್ರಪಿಂಡದ ಸುತ್ತಣ ಕೊಬ್ಬೂ ಮೊದಲೇ ಕರಗಿಹೋಗಿರುವುವು. ಕಡೆಯವರೆಗೆ ಉಳಿಯುವುದು ಮಜ್ಜೆಯ ಕೊಬ್ಬು. ಅದೂ ಕರಗಿತೆಂದರೆ ಮಜ್ಜೆಯು ಕೆಂಪಾದ ನೀರುನೀರಾದ ಲೋಳೆಯಂತಾಗುವುದು. ಇದನ್ನರಿತೇ ಇಂದಿನ ಅರಣ್ಯಶಾಸ್ತ್ರಜ್ಞರು ಸತ್ತ ಜಿಂಕೆಯ ತೊಡೆಯೆಲುಬನ್ನು ಒಡೆದು ಅದು ಹಸಿವಿನಿಂದ ಸತ್ತಿತೇ ಎಂಬುದನ್ನು ನಿರ್ಣಯಿಸುತ್ತಾರೆ. ಅಲಾಸ್ಕದ ನುನಾಮಿಯುಟ್ ಜನರು ಕಾಲಿನ ಕೆಳಭಾಗದ ಮಜ್ಜೆಯನ್ನೇ ಹೆಚ್ಚು ಮೆಚ್ಚುವರೆಂದು ಅವರೊಡನಿದ್ದು ಅಧ್ಯಯನ ಮಾಡಿದ ಲೂಯಿಸ್ ಬಿನ್‌ಫರ್ಡ್ 1978ರಲ್ಲಿ ಬರೆದನು. ಇದಕ್ಕೂ ಕಾರಣವಿದೆ. ಗೊರಸಿನ ಹತ್ತಿರ ಹೋದಂತೆಲ್ಲ ಮಜ್ಜೆಯಲ್ಲಿ ಓಲೆಯಿಕ್ ಆಮ್ಲವು ಹೆಚ್ಚಾಗಿ, ಕೊಬ್ಬು ಕಡಿಮೆ ಶಾಖದಲ್ಲಿಯೂ ಕರಗಿರುವುದು. ಹಿಮದ ಮೇಲೆ ನಿಲ್ಲುವ ಕಾಲಿನಲ್ಲಿ ಗಡುಸಾದ ಕೊಬ್ಬು ಹೆಪ್ಪುಗಟ್ಟಿಹೋಗುವುದರಿಂದ ಪ್ರಾಣಿಗೆ ಇದು ಆವಶ್ಯಕ. ತಿನ್ನುವವನಿಗೆ ಬೆಣ್ಣೆಯಂತಹ ಮೃದುತ್ವ.

ನಮ್ಮ ನಾಡಿಗೆ ಬಂದರೆ, ಕಲ್ಯಾಣದ ಚಾಳುಕ್ಯ ದೊರೆಯಾದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದ ಅನ್ನಭೋಗ ಪ್ರಕರಣದಲ್ಲಿ ಮಾಂಸದ ಅಡಿಗೆಗಳು ವಿಸ್ತಾರವಾಗಿ ಬಂದಿವೆ. ಅವುಗಳಲ್ಲಿ ಮಂಡಲಿಯವೆಂಬುದು ಪ್ರಾಣಿಯ ಕರುಳಿನಲ್ಲಿ ಮಜ್ಜೆಯನ್ನೂ ಸಂಬಾರವನ್ನೂ ತುಂಬಿ ಕೆಂಡದ ಮೇಲೆ ಸುಡುವ ಭಕ್ಷ್ಯವೆಂದು ಅರ್ಥಮಾಡಲಾಗಿದೆ. ಕನ್ನಡದ ಸೂಪಶಾಸ್ತ್ರವನ್ನು ಬರೆದ ಮಂಗರಸನು ಜೈನನಾದುದರಿಂದ ಈ ವಿಷಯದಲ್ಲಿ ಅವನಿಂದ ಏನನ್ನೂ ನಿರೀಕ್ಷಿಸುವಂತಿಲ್ಲ. ಇಂದು ಬೆಂಗಳೂರಿನ ಮಿಲಿಟರಿ ಹೋಟೆಲುಗಳ ಕಾಲು ಸೂಪು, ಮುಸಲ್ಮಾನರ ಮನೆಗಳ ಪಾಯಾ ಮತ್ತು ನಿಹಾರಿ, ಇವುಗಳಲ್ಲಿ ಮಜ್ಜೆಯು ರಸದೊಳಗೆ ಕರಗಿಯೋ, ತಟ್ಟೆಯ ಅಂಚಿಗೆ ಕುಟ್ಟಿ ಬೀಳಿಸಿದ ಉಂಡೆಯಾಗಿಯೋ ದೊರೆಯುತ್ತದೆ. ಮಿಲಾನಿನಲ್ಲಿ ಕರುವಿನ ಕಾಲಿನ ಅಡಿಗೆಯೊಡನೆ ಮಜ್ಜೆಯನ್ನು ತೋಡಲು ಸಣ್ಣ ಚಮಚವನ್ನಿಡುವರು. 18ನೆಯ ಶತಮಾನದ ಇಂಗ್ಲೆಂಡಿನಲ್ಲಿ ಇದಕ್ಕಾಗಿ ಉದ್ದನೆಯ ಬೆಳ್ಳಿಯ ತೋಡುಗರಣೆಗಳೇ ಇದ್ದುವು. ನಮ್ಮವರಿಗೆ ಬಾಯಿಯೇ ಸಾಕು.

ಈ ಮಜ್ಜೆಯಲ್ಲಿ ಇರುವುದೇನು? ಕ್ಯಾರಿಬೂ ಜಿಂಕೆಯ ಹಸಿ ಮಜ್ಜೆಯ 100 ಗ್ರಾಮಿನಲ್ಲಿ ಸುಮಾರು 84 ಗ್ರಾಂ ಕೊಬ್ಬೂ, 7 ಗ್ರಾಮಿಗೆ ಕಡಿಮೆ ಸಸಾರಜನಕವೂ ಇದ್ದು, 780ಕ್ಕೂ ಮಿಕ್ಕ ಕಿಲೋಕ್ಯಾಲರಿ ಶಕ್ತಿಯು ದೊರೆಯುವುದು. ಪ್ರಾಯದ ಆಡುಕುರಿಗಳ ನಲ್ಲಿಮೂಳೆಯಲ್ಲಿರುವುದೂ ಇಂತಹ ಹಳದಿ ಮಜ್ಜೆಯೇ. ಮರಿಯ ಮಾಂಸವಾದರೆ ಮಜ್ಜೆಯು ಕೆಂಪಾಗಿ ಕಾಣಬಹುದು. ಅದಕ್ಕೆ ಪ್ರಾಣಿಯ ಎಳೆವಯಸ್ಸೇ ಕಾರಣ. ಎಳೆಯ ಕೋಳಿಯನ್ನು ಬೇಯಿಸಿದಾಗ ಎಲುಬಿನ ಸುತ್ತ ಮಾಂಸವು ಕಪ್ಪಾಗುವುದೂ ಕೆಂಪು ಮಜ್ಜೆಯ ಬಣ್ಣವು ಇನ್ನೂ ಗಟ್ಟಿಯಾಗದ ಎಲುಬಿನಿಂದ ಸೋರುವುದರಿಂದಲೇ. ಎಲುಬನ್ನು ಎಷ್ಟು ಹೊತ್ತು ಕುದಿಸಿದರೂ ರಸಕ್ಕಿಳಿಯುವ ಸುಣ್ಣದಂಶವು ಅತ್ಯಲ್ಪ. ಒಂದು ಲೋಟ ಹಾಲು ಅದಕ್ಕಿಂತ ಬಹುಪಾಲು ಮೇಲು. ಬಾಯಿಂದ ಹೋದ ಮಜ್ಜೆಯ ಕೋಶಗಳು ಜಠರದಲ್ಲಿ ಬೇರೆ ಯಾವ ಆಹಾರದಂತೆಯೇ ಜೀರ್ಣವಾಗುವುವು. ಅವು ತಿಂದವನ ಎಲುಬನ್ನು ಸೇರಿ ರಕ್ತವನ್ನು ಹುಟ್ಟಿಸಲಾರವು. ಬಾಣಂತಿಗೆ ಕಾಲು ಸೂಪಿನಿಂದ ಶಕ್ತಿ ಬರುವುದು ದಿಟ. ತುಪ್ಪದಿಂದ ಬರುವ ಶಕ್ತಿಯಂತಹುದೇ ಅದು. ಆದರೆ ಮೊದಲು ಹೇಳಿದ ಒಂದೆರಡು ಮಿಲಿಗ್ರಾಂ ಕಬ್ಬಿಣದ ಆದಾಯವನ್ನು ಅದು ಪೂರೈಸುವುದಿಲ್ಲ. ಸೂಪನ್ನು ಕುಡಿಯಬಾರದೆಂದು ನಾನು ಹೇಳುವುದಿಲ್ಲ. ಅದನ್ನು ನಂಬಿ ಕಬ್ಬಿಣದ ಮಾತ್ರೆಯನ್ನು ಕಪಾಟಿನಲ್ಲಿಡುವುದು ಹಾನಿಕರ. ದನದ ಮಜ್ಜೆಯ ವಿಷಯದಲ್ಲಿ ಇನ್ನೊಂದು ಎಚ್ಚರಿಕೆಯೂ ಒಮ್ಮೆ ಬೇಕಾಗಿತ್ತು: ದನಗಳ ಮಿದುಳಿನ ರೋಗವು ಹಬ್ಬಿದ್ದಾಗ ಬ್ರಿಟನ್ನಿನಲ್ಲಿ 1997ರ ಡಿಸೆಂಬರಿನಿಂದ ಎರಡು ವರ್ಷ ಎಲುಬಿನೊಡನೆ ದನದ ಮಾಂಸವನ್ನು ಮಾರುವುದನ್ನೇ ನಿಷೇಧಿಸಿದ್ದರು.

ಮಜ್ಜೆಯಿಂದ ರಕ್ತವನ್ನು ಹೆಚ್ಚಿಸುವ ಯತ್ನವನ್ನು ಜನಸಾಮಾನ್ಯರು ಮಾತ್ರವೇ ಮಾಡಿದರೆಂದು ತಿಳಿಯಬಾರದು. ನಾಯ್ಮನ್ನನ ಶೋಧನೆಯು ಪ್ರಚಾರಕ್ಕೆ ಬಂದ ಮೇಲೆ, 1894ರಲ್ಲಿ ಎಡಿನ್‌ಬರೋ ನಗರದ ಪ್ರಸಿದ್ಧ ವೈದ್ಯನಾದ ಥಾಮಸ್ ಫ್ರೇಸರನು ಮಾರಕ ರಕ್ತಹೀನತೆಯೆಂಬ ರೋಗಕ್ಕೆ ಎತ್ತಿನ ಹಸಿ ಮಜ್ಜೆಯನ್ನು ತಿನ್ನಿಸಿದ ಚಿಕಿತ್ಸೆಯನ್ನು ಪ್ರಕಟಿಸಿದನು. ಕೆಟ್ಟ ಅಂಗಕ್ಕೆ ಅದೇ ಅಂಗವನ್ನು ಆಹಾರವಾಗಿ ಕೊಡುವುದೆಂಬ ತರ್ಕವು ಅಲ್ಲಿಯೂ ಕೆಲಸಮಾಡಿದೆ. ಆ ಚಿಕಿತ್ಸೆಯು ನಿಲ್ಲಲಿಲ್ಲ. 1926ರಲ್ಲಿ ಬಾಸ್ಟನ್ನಿನ ಮೈನಾಟ್ ಮತ್ತು ಮರ್ಫಿ ಎಂಬವರು ಅದೇ ರೋಗಿಗಳಿಗೆ ಹೇರಳವಾಗಿ ಯಕೃತ್ತನ್ನು ತಿನ್ನಿಸಿ ಬದುಕಿಸಿದರು. ಅದರಲ್ಲಿದ್ದ ಗುಣಕಾರಿಯಾದ ವಸ್ತುವು ಬಿ12 ಜೀವಸತ್ವವೆಂದು 1948ರಲ್ಲಿ ತಿಳಿಯಿತು. ಎಂದರೆ ಮಜ್ಜೆಗೆ ಬೇಕಾಗಿದ್ದುದು ಮಜ್ಜೆಯಲ್ಲ, ಕೋಶವು ವಿಭಜಿಸಲು ಅವಶ್ಯವಾದ ಒಂದು ಸೂಕ್ಷ್ಮದ್ರವ್ಯ.

ಇದರ ಇನ್ನೊಂದು ಕವಲು ನಮ್ಮ ದೇಶದಲ್ಲಿಯೇ ಒಡೆಯಿತು. ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆಯು 1928ರಲ್ಲಿ ಮುಂಬಯಿಗೆ ಬಂದು, ಬಟ್ಟೆಯ ಗಿರಣಿಗಳಲ್ಲಿ ದುಡಿಯುವ ಬಡ ಗರ್ಭಿಣಿಯರಲ್ಲಿ ಕಾಣುತ್ತಿದ್ದ ಭಯಂಕರ ರಕ್ತಹೀನತೆಯನ್ನು ಅಧ್ಯಯನಮಾಡಿದಳು. ಅದು ಯೀಸ್ಟಿನ ಸಾರವಾದ ಮಾರ್ಮೈಟಿನಿಂದ ಗುಣವಾಗುವುದನ್ನು 1931ರಲ್ಲಿ ಪ್ರಕಟಿಸಿದಳು. ಆ ಸಾರದಲ್ಲಿದ್ದ ದ್ರವ್ಯವು ಫೋಲಿಕ್ ಆಮ್ಲ. ಅದನ್ನು 1941ರಲ್ಲಿ ಪಾಲಕದ ಸೊಪ್ಪಿನಿಂದ ಬೇರ್ಪಡಿಸಿದರು. ಭೀಮಾವರದಲ್ಲಿ ಹುಟ್ಟಿ ಅಮೆರಿಕೆಗೆ ಹೋದ ಯಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದ ತಂಡವು 1945ರಲ್ಲಿ ಅದನ್ನು ಕೃತಕವಾಗಿ ತಯಾರಿಸಿತು. ಇಂದು ನಮ್ಮ ಹಳ್ಳಿಯ ಆರೋಗ್ಯಕೇಂದ್ರದಲ್ಲಿ ಗರ್ಭಿಣಿಗೆ ಕೊಡುವ ಮಾತ್ರೆಯಲ್ಲಿ ಕಬ್ಬಿಣದೊಡನೆ ಸೇರಿರುವುದು ಇದೇ ಆಮ್ಲವು. ಸುಬ್ಬರಾಯರ ತಂಡವೇ ಫೋಲಿಕ್ ಆಮ್ಲಕ್ಕೆ ವಿರೋಧಿಯಾದ ಅಮಿನೋಪ್ಟೆರಿನ್ ಎಂಬ ದ್ರವ್ಯವನ್ನೂ ಸಿದ್ಧಪಡಿಸಿತು. ಮಜ್ಜೆಯು ಹುಚ್ಚುಹಿಡಿದಂತೆ ಬಿಳಿಯ ಕಣಗಳನ್ನು ಹುಟ್ಟಿಸುವ ರಕ್ತದ ಕ್ಯಾನ್ಸರಿನಿಂದ ಸಾಯುತ್ತಿದ್ದ ಮಕ್ಕಳಿಗೆ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅದನ್ನು ಕೊಟ್ಟು, ಕೆಲವರಲ್ಲಿ ರೋಗವು ಕೆಲಕಾಲ ಹಿಮ್ಮೆಟ್ಟಿದುದನ್ನು 1948ರಲ್ಲಿ ವರದಿಮಾಡಿದನು. ಪೋಷಿಸುವ ದ್ರವ್ಯವೂ ತಡೆಯುವ ದ್ರವ್ಯವೂ ಒಂದೇ ಪ್ರಯೋಗಶಾಲೆಯಿಂದ ಹೊರಬಂದುವು.

ಬಾಯಿಂದ ತಿಂದ ಮಜ್ಜೆಯು ಮಾಡಲಾರದುದನ್ನು ರಕ್ತನಾಳದಿಂದ ಹೋದ ಮಜ್ಜೆಯು ಮಾಡಬಲ್ಲುದು. ಅಮೆರಿಕೆಯ ಡೊನಾಲ್ ಥಾಮಸ್ 1957ರಲ್ಲಿ ತನ್ನ ಮೊದಲ ಆರು ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದಾಗ ಅವರಲ್ಲಿ ಯಾರೂ ಬಹುದಿನ ಉಳಿದಿರಲಿಲ್ಲ. ಪರರ ಮಜ್ಜೆಯ ಬಿಳಿಯ ಕಣಗಳು ರೋಗಿಯ ದೇಹವನ್ನೇ ಶತ್ರುವೆಂದು ಭಾವಿಸಿ ನಾಶಮಾಡುವುದೂ, ರೋಗಿಯ ದೇಹವು ಪರಮಜ್ಜೆಯನ್ನು ತಿರಸ್ಕರಿಸುವುದೂ ಅಡ್ಡಿಯಾಗಿದ್ದುವು. ಕೋಶಗಳ ಮೇಲಿನ ಗುರುತುಗಳನ್ನು ಹೋಲಿಸುವ ಶಾಸ್ತ್ರವು ಬೆಳೆದ ಮೇಲೆ, 1968ರಿಂದೀಚೆಗೆ ಒಡಹುಟ್ಟಿದವರ ಮಜ್ಜೆಯಿಂದ ಸಫಲತೆಯು ದೊರೆಯಿತು. ಥಾಮಸನಿಗೆ 1990ರಲ್ಲಿ ನೊಬೆಲ್ ಪಾರಿತೋಷಕವು ಬಂದಿತು. ಭಾರತದಲ್ಲಿ ಮೊದಲ ಮಜ್ಜೆಯ ಕಸಿಯು 1983ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿಯೂ, ಬಳಿಕ 1986ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿಯೂ ನಡೆದುವು. ತಲಸೀಮಿಯದ ಮಕ್ಕಳಿಗೆ ರೋಗವನ್ನು ಬುಡಸಹಿತ ಕೀಳುವ ಚಿಕಿತ್ಸೆಯಾಗಿ ಬಹುಕಾಲ ಇದೊಂದೇ ಇದ್ದಿತು. ಒಡಹುಟ್ಟಿದವರಲ್ಲಿ ಗುರುತುಗಳು ಪೂರ್ಣವಾಗಿ ಹೊಂದುವ ಸಂಭವವು ನಾಲ್ಕರಲ್ಲೊಂದು. ಆದುದರಿಂದಲೇ ಅಪರಿಚಿತ ದಾನಿಗಳ ಪಟ್ಟಿಗಳು ಅವಶ್ಯಕವಾದುವು.

ದಾನವೆಂದರೆ ಎಲುಬನ್ನು ಕೊಡಬೇಕೆಂದು ಹೆದರುವವರಿದ್ದಾರೆ. ಈಗ ಬಹುಮಟ್ಟಿಗೆ ಔಷಧದಿಂದ ಆಕರಕೋಶಗಳನ್ನು ರಕ್ತಕ್ಕಿಳಿಸಿ ತೋಳಿನ ನಾಳದಿಂದಲೇ ಸಂಗ್ರಹಿಸುತ್ತಾರೆ. ಮಜ್ಜೆಯನ್ನೇ ತೆಗೆಯಬೇಕಾದಲ್ಲಿ ದಾನಿಯನ್ನು ಮೂರ್ಛೆಗೊಳಿಸಿ ಸೊಂಟದೆಲುಬಿನಿಂದ ಸೂಜಿಯ ಮೂಲಕ ಗರಿಷ್ಠ ಒಂದೊಂದೂವರೆ ಲೀಟರಿನವರೆಗೆ ರಕ್ತಮಿಶ್ರಿತ ಮಜ್ಜೆಯನ್ನು ತೆಗೆಯುವರು. ಅದನ್ನು ರೋಗಿಯ ನಾಳಕ್ಕೆ ಬಿಟ್ಟರೆ ಆಕರಕೋಶಗಳು ರಕ್ತದೊಡನೆ ದೇಹವನ್ನೆಲ್ಲ ಸುತ್ತಿ ತಾವಾಗಿಯೇ ಎಲುಬಿನ ಒಳಮನೆಯನ್ನು ಹುಡುಕಿ ನೆಲಸುವುವು. ಎರಡು ಮೂರು ವಾರಗಳಲ್ಲಿ ಹೊಸ ಕಣಗಳು ರಕ್ತದಲ್ಲಿ ಕಾಣತೊಡಗುವುವು. ದಾನಿಗೆ ಕೆಲವು ದಿನ ಸೊಂಟದ ನೋವಿದ್ದು, ಕೊಟ್ಟ ಮಜ್ಜೆಯು ನಾಲ್ಕಾರು ವಾರಗಳಲ್ಲಿ ಮತ್ತೆ ತುಂಬಿಕೊಳ್ಳುವುದು. ಆ ವಾರಗಳಲ್ಲಿ ವೈದ್ಯರು ಅನೇಕವೇಳೆ ದಾನಿಗೆ ಬರೆದುಕೊಡುವುದು ಕಬ್ಬಿಣದ ಮಾತ್ರೆಯನ್ನು; ಕಾಲು ಸೂಪನ್ನು ಮನೆಯವರು ತಾವಾಗಿಯೇ ಮಾಡಿಕೊಡುತ್ತಾರೆ.